ಎಡಗಡೆಯ ದೀಪ

ನಮ್ಮ ಗಾಡಿಗೆ ಎಡಗಡೆ ದೀಪ ಇರಲಿಲ್ಲ, ನಾನಿದ್ದೆ. ಜಂಬಕ್ಕೆ ಹೇಳುವ ಮಾತಲ್ಲ ಇದು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ನಮ್ಮ ಯಜಮಾನರದು ಸಣ್ಣ ಲಾರಿ. ಮನೆ ಬದಲಾಯಿಸುವವರ ಸಾಮಾನನ್ನು ಈ ಮನೆಯಿಂದ ಆ ಮನೆಗೆ ಸಾಗಿಸುವುದು ಅವರ ಕೆಲಸ. ಗಾಡಿ ಹೊಸದಾಗಿದ್ದಾಗ ಎಲ್ಲ ಗಾಡಿಗಳ ಹಾಗೆ ಅದಕ್ಕೂ ಎರಡು ಕಡೆ ಇಂಡಿಕೇಟರ್ ಇತ್ತು. ಒಂದು ಸಲ ಯಾರದೋ ಬೀರು ಇಳಿಸಲು ಗಾಡಿ ಹಿಂದಕ್ಕೆ ತೆಗೆಯುವಾಗ ಗೋಡೆಗೆ ತಾಗಿ ಹಿಂದಿನ ಎಡಗಡೆಯ ಬಲ್ಬು ಚೂರಾಯಿತು, ಮೇಲಿನ ಮುಚ್ಚಳ ಬಿರುಕು ಬಿಟ್ಟಿತು. ಅವತ್ತು ನಾನು ಪಕ್ಕದ ಸೀಟಿನಲ್ಲಿದ್ದೆ. "ಇವಳೇ, ಎಡಕ್ಕೆ ತಿರುಗಿಸ್ಬೇಕು, ಸ್ವಲ್ಪ ಕೈ ಹೊರಗೆ ಹಾಕು" ಎಂದರು. ಹಾಕಿದೆ. ಆಮೇಲೊಮ್ಮೆ ಬಲಗಡೆಯ ಒಂದು ಬಲ್ಬು ಸುಟ್ಟುಹೋದಾಗ ಎಡಗಡೆ ಉಳಿದಿದ್ದ ಒಂದನ್ನೂ ಕಿತ್ತು ಅಲ್ಲಿಗೆ ಹಾಕಿಕೊಂಡರು. ಎಡಗಡೆಗೆ ಹೇಗೂ ಹೆಂಡತಿ ಇದ್ದಾಳಲ್ಲ!

ಹೀಗೆ ಒಂದು ದಿನಕ್ಕೆಂದು ಹೊರಗೆ ಹಾಕಿದ ಕೈ ವರ್ಷಗಟ್ಟಲೆ ಹೊರಗೇ ಉಳಿಯಿತು. ಬಿಸಿಲಿಗೆ ನನ್ನ ಎಡಗೈ ಬಲಗೈಗಿಂತ ಕಪ್ಪಾಯಿತು. ಎರಡೂ ಕೈ ಜೋಡಿಸಿದರೆ ಬೇರೆ ಬೇರೆ ಹೆಂಗಸರ ಕೈಯ ಹಾಗೆ ಕಾಣುತ್ತವೆ.

ಕಳೆದ ತಿಂಗಳು ಗಾಡಿಯ ತಪಾಸಣೆ ಬಂತು. ಹಿಂದೆ ಇದ್ದವರು ಹಳಬರು. ಗಾಡಿಗೆ ಒಂದು ಸುತ್ತು ಬಂದು, ಟೈರಿಗೆ ಒಂದು ಒದ್ದು, ಹೋಗಿ ಅನ್ನುತ್ತಿದ್ದರು. ಈ ಸಲ ಹೊಸ ಅಧಿಕಾರಿ. ನಮ್ಮ ಮಗನಿಗಿಂತ ಚಿಕ್ಕವನು, ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ಒಂದು ಗೆರೆ ನಗು ಇಲ್ಲ. ಗಾಡಿಯ ಮುಂದೆ ನಿಂತು, "ಬಲಗಡೆ ಇಂಡಿಕೇಟರ್" ಎಂದ. ದೀಪ ಮಿಣುಕಿತು. "ಎಡಗಡೆ" ಎಂದ. ಯಜಮಾನರು ನನ್ನನ್ನು ನೋಡಿದರು. ನಾನು ಕೈ ಹೊರಗೆ ಹಾಕಿದೆ.

ಅಧಿಕಾರಿಗೆ ಅರ್ಥವಾಗಲಿಲ್ಲ. "ಈಗ ಹಜಾರ್ಡ್ ಲೈಟ್ ಹಾಕಿ. ನಾಲ್ಕೂ ಒಟ್ಟಿಗೆ ಮಿಣುಕಬೇಕು" ಎಂದ.

ಯಜಮಾನರು ಕೆಂಪು ಗುಂಡಿ ಒತ್ತಿದರು. ಬಲಗಡೆಯ ಎರಡು ಟಕ್ ಟಕ್ ಎಂದು ಶುರುವಾದವು. ನಾನು ಏನು ಮಾಡಲಿ? ಗಂಡನ ಗಾಡಿ, ಗಂಡನ ಮಾನ. ಆ ಟಕ್ ಟಕ್‌ಗೆ ಸರಿಯಾಗಿ ಮುಷ್ಟಿ ಮುಚ್ಚಿ ತೆರೆದು, ಮುಚ್ಚಿ ತೆರೆದು ಮಾಡಿದೆ.

"ಅಮ್ಮಾ, ಏನ್ ಮಾಡ್ತಿದ್ದೀರಿ ನೀವು?"

"ಮಿಣುಕ್ತಾ ಇದ್ದೀನಿ ಸಾರ್."

ಆಗ ನಕ್ಕ ನೋಡಿ ಆ ಹುಡುಗ! ಗಾಡಿಯ ಮೂತಿಗೆ ಒರಗಿಕೊಂಡು, ಕಣ್ಣು ಒರೆಸಿಕೊಂಡು ನಕ್ಕ. ಪಕ್ಕದ ಗಾಡಿಯವರನ್ನೂ ಕರೆದು ತೋರಿಸಿದ. ಆದರೆ ನಗು ಬೇರೆ, ಸರ್ಟಿಫಿಕೇಟು ಬೇರೆ. "ಬಲ್ಬ್ ಹಾಕಿಸ್ಕೊಂಡು ಬನ್ನಿ. ಅಲ್ಲೀವರೆಗೂ ಬಾಡಿಗೆ ಹೊಡೆಯೋ ಹಾಗಿಲ್ಲ" ಎಂದು ವಾಪಸ್ ಕಳಿಸಿದ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಮನೆಯಲ್ಲಿದ್ದರು. ಎಲ್ಲರೂ ಅಂದರೆ ಐದು ಜನ. ನಮ್ಮ ಮಗ ಬೇಕರಿಯಲ್ಲಿ ಬ್ರೆಡ್ ಸುಡುತ್ತಾನೆ. ಬೆಳಗಿನ ಜಾವ ಹೋಗಿ, ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಮಧ್ಯಾಹ್ನದ ಹೊತ್ತಿಗೆ ಬರುತ್ತಾನೆ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಾಳೆ. ಕೈ ಬಹಳ ನಾಜೂಕು, ನಾಲಿಗೆ ಅಷ್ಟಿಲ್ಲ. ಇನ್ನು ನಮ್ಮತ್ತೆ, ಯಜಮಾನರ ತಾಯಿ. ಬಾಗಿಲ ಪಕ್ಕದ ಕುರ್ಚಿ ಅವರದು. ಅಲ್ಲಿ ಕೂತು ದಿನವಿಡೀ ಏನಾದರೂ ಬಿಡಿಸುತ್ತಲೋ, ಆರಿಸುತ್ತಲೋ, ಹೊಲಿಯುತ್ತಲೋ ಇರುತ್ತಾರೆ. "ಕೂತು ಉಂಡರೆ ಕುಡಿಕೆ ಹೊನ್ನು ಸಾಲದು" ಎನ್ನುವುದು ಅವರ ಮಂತ್ರ. ಈ ಮನೆಯಲ್ಲಿ ಯಾರಾದರೂ ಕೈಕಟ್ಟಿ ಕೂತದ್ದು ಅವರ ಕಣ್ಣಿಗೆ ಬಿದ್ದರೆ ಮರುಕ್ಷಣ ತೊಡೆಯ ಮೇಲೆ ಬಟಾಣಿ ಬುಟ್ಟಿ ಬಂದು ಕೂರುತ್ತದೆ.

"ಏನಂತೆ ಆ ಅಧಿಕಾರಿದು?" ನಮ್ಮತ್ತೆ ಕೇಳಿದರು.

"ಬಲ್ಬ್ ಇಲ್ವಂತೆ," ಯಜಮಾನರು ತಟ್ಟೆಗೆ ಹೇಳಿದರು.

"ಅಂತೆ ಏನು ಅಂತೆ? ಇಲ್ಲ ಅಂತ ನಿನಗೆ ಗೊತ್ತಿರ್ಲಿಲ್ವಾ? ಹೆಂಡತೀನ ದೀಪ ಮಾಡಿ ಕೂರಿಸಿದ್ದೀಯಲ್ಲ, ಮರ್ಯಾದಸ್ಥರು ಮಾಡೋ ಕೆಲಸನಾ ಅದು?"

"ಅವಳಿಗೇನು ಕಷ್ಟ ಇರ್ಲಿಲ್ಲ, ಅಮ್ಮ."

"ಅಪ್ಪಾ, ಗಾಡಿಗೆ ಕೊಡ್ದಿದ್ರೆ ಹೋಗ್ಲಿ, ಅಮ್ಮನಿಗಾದ್ರೂ ಒಂದು ಸರ್ಟಿಫಿಕೇಟ್ ಕೊಡ್ಬಹುದಿತ್ತು," ಎಂದು ಮಗ ಮೊಟ್ಟೆ ಬಾಯಿಗೆ ಹಾಕಿಕೊಂಡು ನಕ್ಕ.

ಸೊಸೆ ನಗಲಿಲ್ಲ. "ನಗೋ ವಿಷ್ಯನಾ ರೀ ಇದು? ಅತ್ತೆ ಕೈ ನೋಡಿದ್ದೀರಾ ಯಾವತ್ತಾದ್ರೂ? ಸುಟ್ಟು ಕರಕಲಾಗಿದೆ. ಭಾನುವಾರ ನಾವೇ ಬಲ್ಬ್ ಹಾಕೋಣ. ಅತ್ತೆ ಇನ್ಮೇಲೆ ಮನೇಲಿ ಆರಾಮಾಗಿ ಇರ್ಲಿ."

"ಅದು ಮಾತು," ಎಂದರು ನಮ್ಮತ್ತೆ.

"ಆಯ್ತು, ನಾನು ಬಲ್ಬ್ ತರ್ತೀನಿ," ಎಂದ ಮಗ.

"ಹಂಗೇ ಮಾಡಿ," ಎಂದರು ಯಜಮಾನರು. "ಅವಳ ಜಾಗದಲ್ಲಿ ಸಾಮಾನು ಹೊರೋ ಉದ್ದಣ್ಣ ಕೂತ್ಕೊಳ್ತಾನೆ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಮನೆ ನಮ್ಮದು. ಚಹಾಕ್ಕೆ ಎಷ್ಟು ಸಕ್ಕರೆ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಅಂಥ ಮನೆಯಲ್ಲಿ ನನ್ನನ್ನು ಗಾಡಿಯಿಂದ ಇಳಿಸುವ ವಿಷಯಕ್ಕೆ ಒಂದು ತುತ್ತು ನುಂಗುವಷ್ಟರಲ್ಲಿ ಎಲ್ಲರೂ ಒಪ್ಪಿಬಿಟ್ಟರು. ಅದೂ ನನ್ನ ಮೇಲಿನ ಪ್ರೀತಿಗೆ! ಬೈದು ಇಳಿಸಿದ್ದರೆ ನಾನೂ ಬೈಯಬಹುದಿತ್ತು. ಪ್ರೀತಿಯಿಂದ ಇಳಿಸಿದವರನ್ನು ಏನು ಮಾಡುವುದು? ಸುಮ್ಮನೆ ಎದ್ದು ಎಲ್ಲರಿಗೂ ಇನ್ನಷ್ಟು ಬೇಳೆ ಬಡಿಸಿದೆ.

ಆ ಸೀಟು ನನಗೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಅಲ್ಲಿ ಕೂತು ನಾನು ಈ ಊರಿನ ಎಷ್ಟು ಮನೆಗಳನ್ನು ಒಳಗಿಂದ ನೋಡಿದ್ದೇನೆ! ಹೊರಗಿಂದ ಅರಮನೆ, ಒಳಗೆ ಹಿಡಿ ಇಲ್ಲದ ಬಾಣಲೆ. ಇನ್ನೊಂದು ಕಡೆ ಒಂದೇ ಕೋಣೆ, ಆದರೆ ಪುಸ್ತಕವೇ ಮೂವತ್ತು ಪೆಟ್ಟಿಗೆ. ಮದುವೆಯಾಗಿ ಹೊಸ ಮನೆ ಹೂಡುವವರು, ಜಗಳವಾಡಿ ಬೇರೆಯಾಗುವವರು, ಒಂದೇ ಕನ್ನಡಿಗೆ ಇಬ್ಬರು ಜೋತುಬೀಳುವವರು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಯಜಮಾನರು. ಮನೆಯಲ್ಲಿ ಅವರ ಬಾಯಿಗೆ ಬೀಗ. ಸ್ಟೀರಿಂಗ್ ಹಿಡಿದರೆ ಮಾತೋ ಮಾತು. ಎದುರಿಗೆ ಬಂದ ಗಾಡಿ, ಮುಂದಿನ ಮಳೆ, ತಮ್ಮ ಬಾಲ್ಯ, ನನ್ನ ಅಡುಗೆ, ಎಲ್ಲ ಆ ಸೀಟಿನಲ್ಲೇ ನಾನು ಕೇಳಿದ್ದು. ನನ್ನ ಸಂಸಾರ ಅರ್ಧ ಮನೆಯಲ್ಲಿ ನಡೆಯಿತು, ಇನ್ನರ್ಧ ಆ ಗಾಡಿಯಲ್ಲಿ. ಬಲ್ಬ್ ಹಾಕಿದರೆ ಆ ಅರ್ಧ ಹೋಯಿತು.

ಭಾನುವಾರ ಮಗ ಬಲ್ಬಿನ ಪೊಟ್ಟಣ ತಂದ. ಸೊಸೆ ಅಂಗಡಿಯ ಪುಟ್ಟ ಪುಟ್ಟ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಯಜಮಾನರು ತಮಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಅಂಗಳದ ಮೂಲೆಯಲ್ಲಿ ಕೂತು ಹಗ್ಗದ ಗಂಟು ಬಿಡಿಸುತ್ತಿದ್ದರು. ನಮ್ಮತ್ತೆ ಮೆಟ್ಟಿಲ ಮೇಲೆ ಬಟಾಣಿ ಬುಟ್ಟಿ ಇಟ್ಟುಕೊಂಡು ಕೂತರು.

ಹಿಂದಿನ ಬಿರುಕು ಬಿಟ್ಟ ಮುಚ್ಚಳ ಬಿಚ್ಚಿದರೆ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು.

"ನೋಡಿ ಮಾವ, ಬಾಡಿಗೆಗೆ ಕೊಟ್ಟಿದ್ದೀರಿ," ಎಂದಳು ಸೊಸೆ.

ಗೂಡು ಕೆರೆದು ತೆಗೆದಳು. ಬಲ್ಬ್ ಕೂರುವ ಹೋಲ್ಡರ್ ತುಕ್ಕು ಹಿಡಿದಿತ್ತು. ಸ್ಯಾಂಡ್‌ಪೇಪರನ್ನು ಬೆರಳಿಗೆ ಸುತ್ತಿ ತಿಕ್ಕಿದಳು. ಮಗ ಪೊಟ್ಟಣ ಬಿಚ್ಚಿ ಒಂದು ಬಲ್ಬ್ ಒಳಗಿಟ್ಟು ಒತ್ತಿ ತಿರುಗಿಸಿದ. ತಿರುಗಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಬ್ರೆಡ್ ಹಿಟ್ಟು ನಾದುವ ಕೈ ಅದು.

"ರೀ, ನಿಲ್ಲಿಸಿ, ಒಡೆದುಹೋಗುತ್ತೆ! ಎಲ್ಲಿ, ಕೊಡಿ." ಸೊಸೆ ಅದನ್ನು ಬೆಳಕಿಗೆ ಹಿಡಿದಳು. "ಇದು ಬಣ್ಣದ್ದಲ್ವಾ?"

"ಹೂಂ. ಬಣ್ಣದ್ದಾ ಬಿಳೀದಾ ಅಂತ ಅಂಗಡಿಯವನು ಕೇಳ್ದ. ಇಂಡಿಕೇಟರ್ ಕಿತ್ತಳೆ ಬಣ್ಣ ತಾನೇ? ಬಣ್ಣದ್ದೇ ಕೊಡು ಅಂದೆ."

ಅವಳು ಬಲಗಡೆ ಚೆನ್ನಾಗಿ ಉರಿಯುತ್ತಿದ್ದ ಒಂದು ಬಲ್ಬನ್ನು ಬಿಚ್ಚಿ ಪಕ್ಕದಲ್ಲಿ ಹಿಡಿದಳು. ಅದು ಬಿಳಿ ಗಾಜಿನದು. ಅದರ ಕುತ್ತಿಗೆಯಲ್ಲಿ ಹೋಲ್ಡರಿಗೆ ಸಿಕ್ಕಿಕೊಳ್ಳುವ ಎರಡು ಮೊಳೆ ಎದುರುಬದುರು ಇದ್ದವು. ಬಣ್ಣದ ಬಲ್ಬಿನಲ್ಲಿ ಒಂದು ಮೊಳೆ ಸ್ವಲ್ಪ ಪಕ್ಕಕ್ಕೆ ಸರಿದಿತ್ತು. "ಬಣ್ಣ ಮುಚ್ಚಳದಲ್ಲೇ ಇದೆ ಕಣ್ರೀ. ಒಳಗಿನದು ಬಿಳೀದೇ ಬೇಕು. ಹೋಗಿ ಬದಲಾಯಿಸ್ಕೊಂಡು ಬನ್ನಿ."

"ನಾನು ಆಗ್ಲೇ ಹೇಳೋಣ ಅಂತಿದ್ದೆ," ಎಂದರು ಯಜಮಾನರು ಮೂಲೆಯಿಂದ.

"ಮತ್ತೆ ಹೇಳ್ಬೇಕಿತ್ತಲ್ಲಪ್ಪ!"

"ನೀನು ಕೇಳಿದ್ಯಾ?"

"ಅಪ್ಪನೂ ಮಗನೂ ಒಂದೇ ಅಚ್ಚು," ಎಂದರು ನಮ್ಮತ್ತೆ, ಬಟಾಣಿ ಸಿಪ್ಪೆ ಎಸೆಯುತ್ತಾ. "ಗೊತ್ತಿರೋನು ಹೇಳಲ್ಲ, ಗೊತ್ತಿಲ್ಲದೋನು ಕೇಳಲ್ಲ."

ಮಗ ಸೈಕಲ್ ಹತ್ತಿ ಹೋಗಿ ಬಿಳಿ ಬಲ್ಬ್ ತಂದ. ಒತ್ತಿದರು, ತಿರುಗಿಸಿದರು, ಕೂತಿತು. ಹಿಂದಿನದು ಮಿಣುಕಿತು. ಆದರೆ ಎದೆ ಹೊಡೆದುಕೊಂಡ ಹಾಗೆ ಬಡಬಡ ಮಿಣುಕುತ್ತಿತ್ತು. ಆ ಕಡೆ ಒಂದೇ ಬಲ್ಬ್ ಇದ್ದರೆ ಹಾಗೇ ಆಗುವುದಂತೆ. ಮುಂದಿನದನ್ನೂ ಹಾಕಿದರೆ ಸರಿಹೋಗುತ್ತದೆ ಎಂದು ಯಜಮಾನರು ಈ ಸಲ ಕೇಳದೆಯೇ ಹೇಳಿದರು.

ಮುಂದಿನದಕ್ಕೂ ಹಾಕಿ ಮುಚ್ಚಳ ಬಿಗಿದರು. ಮಗ ಒಳಗೆ ಕೂತು ಕೆಂಪು ಗುಂಡಿ ಒತ್ತುವುದು, ಸೊಸೆ ಹಿಂದೆ ನಿಂತು ನೋಡುವುದು, ನಾನು ಮುಂದೆ ನಿಂತು ನೋಡುವುದು ಎಂದಾಯಿತು. ನೋಡಿ ನನ್ನ ಹಣೆಬರಹ! ನನ್ನನ್ನು ಇಳಿಸುವ ದೀಪ ಉರಿಯಿತೆಂದು ನಾನೇ ಕೂಗಿ ಹೇಳಬೇಕು.

"ಹಿಂದೆ ಬಂತು!" ಎಂದಳು ಸೊಸೆ.

"ಅಮ್ಮಾ, ಮುಂದೆ ಬಂತಾ?"

ಬಂದಿತ್ತು. ಎಡಗಡೆ, ಬಲಗಡೆ, ಎರಡೂ ಒಟ್ಟಿಗೆ, ಒಂದೇ ತಾಳದಲ್ಲಿ, ಚಿನ್ನದ ಹಾಗೆ. ನನ್ನ ಕೈ ಯಾವತ್ತೂ ಅಷ್ಟು ಚೆನ್ನಾಗಿ ಮಿಣುಕಿರಲಿಲ್ಲ.

"ಇಲ್ಲ," ಎಂದೆ.

ಮಗ ಇಳಿದು ಬಂದು ಮುಚ್ಚಳ ಬಿಚ್ಚಿದ, ಬಲ್ಬ್ ತೆಗೆದ, ಊದಿದ, ಒರೆಸಿದ, ಮತ್ತೆ ಹಾಕಿದ, ಮತ್ತೆ ಬಿಗಿದ, ಮತ್ತೆ ಹತ್ತಿದ. "ಈಗ?"

"ಊಹೂಂ."

"ಏನೇ ಇದು!" ನಮ್ಮತ್ತೆ ಮೆಟ್ಟಿಲ ಮೇಲಿಂದ ಕೂಗಿದರು. "ಅಲ್ಲಿ ಲಕಲಕ ಅಂತಿದೆ, ಇಷ್ಟು ದೂರ ಕೂತಿರೋ ಈ ಮುದುಕಿಗೆ ಕಾಣ್ತಿದೆ. ಮೂಗಿನ ಕೆಳಗೆ ನಿಂತಿರೋಳಿಗೆ ಕಾಣಲ್ವಾ?"

"ಬಿಸಿಲು ಹೊಡೀತಿದೆ ಅತ್ತೆ, ಸರಿಯಾಗಿ ಕಾಣ್ಲಿಲ್ಲ."

ಸೊಸೆ ಓಡಿ ಬಂದು ನನ್ನ ರೆಪ್ಪೆ ಎತ್ತಿ ನೋಡಿದಳು. "ಅತ್ತೆ, ಎಷ್ಟು ದಿನದಿಂದ ಹೀಗೆ? ನಾಳೆನೇ ಅಂಗಡಿಗೆ ಬನ್ನಿ, ಕಣ್ಣು ಪರೀಕ್ಷೆ ಮಾಡೋಣ."

ಸುಳ್ಳು ಹೇಳಿದ ತಪ್ಪಿಗೆ ಮರುದಿನ ಕನ್ನಡಕದ ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕೂರಬೇಕಾಯಿತು. ಎದುರಿನ ಗೋಡೆಯಲ್ಲಿ ದೊಡ್ಡ ಅಕ್ಷರ, ಅದರ ಕೆಳಗೆ ಸಣ್ಣದು, ಅದರ ಕೆಳಗೆ ಇನ್ನೂ ಸಣ್ಣದು. ಒಂದು ಕಣ್ಣು ಮುಚ್ಚಿಸಿದಳು, ಇನ್ನೊಂದು ಮುಚ್ಚಿಸಿದಳು. ಇಲ್ಲಾದರೂ ಓದದ ಹಾಗೆ ನಟಿಸಬಹುದಿತ್ತು. ಆದರೆ ಓದು ಎಂದರೆ ಓದಿಬಿಡುವ ಚಟ ನನಗೆ. ಕೊನೆಯ ಸಾಲನ್ನೂ ಓದಿ, ಅದರ ಕೆಳಗೆ ಇರುವೆ ಸಾಲಿನ ಹಾಗಿದ್ದ ಅಚ್ಚುಕೂಟದ ವಿಳಾಸವನ್ನೂ ಓದಿದೆ.

ಸೊಸೆ ಸೊಂಟದ ಮೇಲೆ ಕೈ ಇಟ್ಟಳು. "ಅತ್ತೆ, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ."

"ಹೌದಾ? ಒಳ್ಳೇದಾಯ್ತು ಬಿಡು."

"ಹಾಗಾದ್ರೆ ನಿನ್ನೆ ಯಾಕೆ ಇಲ್ಲ ಅಂದ್ರಿ?"

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆ ತುಂಬ ಖಾಲಿ ಕನ್ನಡಕಗಳು ನನ್ನನ್ನೇ ನೋಡುತ್ತಿದ್ದವು. ಹೇಳಿಬಿಟ್ಟೆ. "ನನಗೆ ಆ ಸೀಟು ಬೇಕು ಕಣೇ. ಮನೇಲಿ ಆರಾಮಾಗಿ ಇರು ಅಂತೀಯ. ಮನೇಲಿ ಆರಾಮ ಎಲ್ಲಿದೆ? ನಾನು ಆರಾಮಾಗಿ ಇದ್ದಿದ್ದೇ ಅಲ್ಲಿ."

ಅವಳು ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. "ಅಯ್ಯೋ ಅತ್ತೆ! ಬಾಯಿ ಬಿಟ್ಟು ಹೇಳ್ಬಾರ್ದಾ?"

"ನೀನು ನನ್ನ ಕೈ ನೋಡಿ ಮರುಗ್ತಾ ಇದ್ದೆ. ಹೇಗೆ ಹೇಳ್ಲಿ?"

"ಮಾವನಿಗೆ ನಾನು ಹೇಳ್ಲಾ?"

"ಬೇಡ. ನೀನು ಹೇಳಿದ್ರೆ ಸೊಸೆ ಹೇಳ್ದಳು ಅಂತ ಕರ್ಕೊಂಡು ಹೋಗ್ತಾರೆ. ಅದು ಬೇಡ ನನಗೆ."

ಗಾಡಿ ತಪಾಸಣೆಯಲ್ಲಿ ಪಾಸಾಯಿತು. ಆ ಅಧಿಕಾರಿ, "ಮಿಣುಕೋ ಅಮ್ಮ ಬರ್ಲಿಲ್ವಾ?" ಎಂದು ಕೇಳಿದನಂತೆ. ಬಾಡಿಗೆ ಮತ್ತೆ ಶುರುವಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಾನು ಅಡುಗೆಮನೆಯ ಕಿಟಕಿಯಿಂದ ಗಾಡಿ ಹೋಗುವುದನ್ನು ನೋಡಿದೆ. ಬೀದಿಯ ಕೊನೆಯಲ್ಲಿ ಎಡಗಡೆ ದೀಪ ಮಿಣುಕಿತು, ಗಾಡಿ ತಿರುಗಿತು, ಅಷ್ಟೇ.

ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ನನ್ನ ತೊಡೆಯ ಮೇಲೆ ಬಟಾಣಿ ಬುಟ್ಟಿ ಬಂದು ಕೂತಿತು. ಬಟಾಣಿ ಮುಗಿದರೆ ಬೆಳ್ಳುಳ್ಳಿ, ಬೆಳ್ಳುಳ್ಳಿ ಮುಗಿದರೆ ಹರಿದ ದಿಂಬಿನ ಚೀಲ. ಸಂಜೆ ಯಜಮಾನರು ಬಂದರೆ ಬಾಗಿಲಲ್ಲೇ ಕೇಳುತ್ತಿದ್ದೆ.

"ಇವತ್ತು ಯಾರ ಮನೆ?"

"ಯಾರೋ ಮೇಷ್ಟ್ರು."

"ಎಂಥ ಜನ?"

"ಜನ."

"ಸಾಮಾನು ಏನೇನಿತ್ತು?"

"ಇನ್ನೇನಿರುತ್ತೆ? ಮಂಚ, ಕುರ್ಚಿ."

ಇಷ್ಟಕ್ಕೆ ಮಾತು ಮುಗಿಯುತ್ತಿತ್ತು. ಒಂದು ಸಂಜೆ ಕೋಪ ಬಂದು ಬೇಳೆಯನ್ನು ಒಲೆಯ ಮೇಲೆ ಬಿಟ್ಟು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ನಿಂತೆ. ಬೇಳೆ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಎಲ್ಲರೂ ತುಟಿ ಪಿಟಕ್ಕೆನ್ನದೆ ತಿಂದರು. ಅದಕ್ಕೆ ಇನ್ನಷ್ಟು ಕೋಪ ಬಂತು.

ಇನ್ನು ಉದ್ದಣ್ಣ. ಸಾಮಾನು ಹೊರುವ ಆಳು, ಹೆಸರಿಗೆ ತಕ್ಕ ಉದ್ದ. ಮೊದಲೆಲ್ಲ ಗಾಡಿಯ ಹಿಂದೆ, ಗಿರಾಕಿಗಳ ಹಾಸಿಗೆಯ ಮೇಲೆ ಕಾಲು ಚಾಚಿ ನಿದ್ದೆ ಹೊಡೆದುಕೊಂಡು ಹೋಗುತ್ತಿದ್ದವನು. ಈಗ ಮುಂದಿನ ಸೀಟಿಗೆ ಬಡ್ತಿ. ಒಂದು ಬೆಳಗ್ಗೆ ಚಹಾ ಕುಡಿಯುತ್ತಾ ನನ್ನ ಹತ್ತಿರ ಗೋಳು ಹೇಳಿಕೊಂಡ. "ಅಮ್ಮಾವ್ರೇ, ಮೊಣಕಾಲು ಗಲ್ಲಕ್ಕೆ ತಾಗುತ್ತೆ. ಒಂದು ಚೂರು ಕಣ್ಣು ಮುಚ್ಚಿದ್ರೆ ಅಣ್ಣ ಮೊಣಕೈಲಿ ತಿವೀತಾರೆ. ನಿದ್ದೆ ಮಾಡೋಕೆ ಅವಳು ಬರ್ತಿದ್ದಳಾ ಅಂತ ಬೈತಾರೆ."

"ಯಾರು? ನಾನಾ?"

"ಇನ್ಯಾರು? ಮಾತಿಗೊಂದು ಸಲ ನಿಮ್ಮ ಸುದ್ದಿ. ಅವಳಿದ್ದಿದ್ರೆ ಹಿಂಗಂತಿದ್ದಳು, ಅವಳಿದ್ದಿದ್ರೆ ಹಂಗಂತಿದ್ದಳು. ನಂಗಂತೂ ಸಾಕಾಗಿಹೋಗಿದೆ."

ಅಬ್ಬಾ, ನಮ್ಮ ಯಜಮಾನರೇ! ಆ ಮಾತನ್ನು ಮನೆಯಲ್ಲಿ ಹೇಳಿದ್ದರೆ ಬಾಯಿ ಸವೆಯುತ್ತಿತ್ತೇ? ಖುಷಿಯಾಯಿತು ನನಗೆ, ಸುಳ್ಳೇಕೆ ಹೇಳಲಿ. ಅವತ್ತಿನ ಬೇಳೆಗೆ ಎರಡು ಚಮಚ ಬೆಣ್ಣೆ ಬಿತ್ತು.

ರಾತ್ರಿ ಪಾತ್ರೆ ತೊಳೆಯುವಾಗ ಸೊಸೆ ಪಕ್ಕಕ್ಕೆ ಬಂದಳು. "ಅತ್ತೆ, ಒಂದು ಉಪಾಯ. ಸಾಮಾನು ಎಣಿಸೋಕೆ ಒಬ್ರು ಬೇಕು, ಗಾಜಿನ ವಸ್ತು ನೋಡ್ಕೊಳ್ಳೋಕೆ ಒಬ್ರು ಬೇಕು ಅಂತ ಹೇಳೋಣ. ಆಗ ಅಜ್ಜಿನೂ ಏನೂ ಅನ್ನಲ್ಲ."

ನಾನು ಬಾಣಲೆ ತಿಕ್ಕುವುದನ್ನು ನಿಲ್ಲಿಸಿದೆ. "ಆಮೇಲೆ ಗಾಜು ನೋಡ್ಕೊಳ್ಳೋಕೆ ಇನ್ನೊಂದು ಯಂತ್ರ ಬರುತ್ತೆ. ನೀನೇ ಪ್ರೀತಿಯಿಂದ ತಂದು ಕೂರಿಸ್ತೀಯ. ಮತ್ತೆ ನಾನು ಇಳೀಬೇಕು. ಬೇಡ ಕಣೇ. ಕೆಲಸದ ನೆಪದಲ್ಲಿ ಹತ್ತಿದ್ರೆ ಕೆಲಸ ಮುಗಿದಾಗ ಇಳಿಸ್ತಾರೆ."

"ಮತ್ತೆ ಏನಂತ ಹತ್ತೀರಿ?"

ಆಗ ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಎರಡು ದಿನ ಬಿಟ್ಟು, ಬೆಳಗ್ಗೆ. ಎದ್ದೆ, ಅನ್ನ ಮಾಡಿದೆ, ಆಲೂಗಡ್ಡೆ ಬೇಯಿಸಿದೆ, ತಲೆ ಬಾಚಿಕೊಂಡೆ, ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡೆ. ಯಜಮಾನರು ಟೈರಿಗೆ ಗಾಳಿ ನೋಡುತ್ತಿದ್ದಾಗ ಹೋಗಿ ಬಾಗಿಲು ತೆಗೆದು ಎಡಗಡೆ ಸೀಟಿನಲ್ಲಿ ಕೂತುಬಿಟ್ಟೆ.

ಅವರು ಕಿಟಕಿಗೆ ಬಂದು ನೋಡಿದರು. "ಏನಿದು?"

"ಏನಿಲ್ಲ. ನಡೀರಿ."

"ದೀಪ ಸರಿಯಾಗಿದೆಯಲ್ಲ. ನಾಲ್ಕೂ ಉರೀತಿದೆ."

"ಉರೀಲಿ. ಬೇಡ ಅಂದವರು ಯಾರು?"

"ಮತ್ತೆ ನಿನಗೇನು ಕೆಲಸ ಗಾಡೀಲಿ?"

"ಏನೂ ಕೆಲಸ ಇಲ್ಲ. ಸುಮ್ನೆ ಬರ್ತೀನಿ."

ಯಜಮಾನರು ಉದ್ದಣ್ಣನ ಮುಖ ನೋಡಿದರು. ಉದ್ದಣ್ಣ ಆಗಲೇ ಹಿಂದಿನ ಹಲಗೆ ಹತ್ತಿ ಕಾಲು ಚಾಚಿಯಾಗಿತ್ತು. ಬೇಕರಿಗೆ ರಜೆಯಾದ್ದರಿಂದ ಮಗ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದ. ಸೊಸೆ ಜಡೆ ಹೆಣೆಯುತ್ತಾ ಬಂದು, ನನ್ನನ್ನು ನೋಡಿ ತುಟಿ ಕಚ್ಚಿಕೊಂಡು ನಿಂತಳು. ಕೊನೆಗೆ ನಮ್ಮತ್ತೆ, ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಮೆಟ್ಟಿಲಿಗೆ ಬಂದರು.

"ಏನೇ, ಇಷ್ಟು ಬೆಳಗ್ಗೆ ಎಲ್ಲಿಗೆ?"

"ಗಾಡೀಲಿ ಹೋಗ್ತಿದ್ದೀನಿ ಅತ್ತೆ."

"ಕೆಲಸ?"

"ಇಲ್ಲ. ಸುಮ್ನೆ."

"ಸುಮ್ನೆನಾ!" ಅವರ ದನಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. "ಕೈಯಲ್ಲಿ ಕೆಲಸ ಇಲ್ಲದೆ ಸುಮ್ನೆ ಗಾಡಿ ಹತ್ತಿ ಊರು ಸುತ್ತೋದು ಅಂದ್ರೆ ಏನು? ಈ ಮನೇಲಿ ಸುಮ್ನೆ ಯಾರಾದ್ರೂ ಕೂತಿದ್ದು ಉಂಟಾ? ನಾನು ಕೂತಿದ್ದೀನಾ ಒಂದು ದಿನ?"

"ಇಲ್ಲ ಅತ್ತೆ. ನೀವು ಸುಮ್ನೆ ಕೂತಿದ್ದು ನಾನು ಈ ಮನೆಗೆ ಬಂದಾಗಿಂದ ಒಂದು ದಿನಾನೂ ನೋಡಿಲ್ಲ. ನಿಮಗೆ ಯಾವತ್ತೂ ಸುಮ್ನೆ ಕೂರ್ಬೇಕು ಅಂತ ಅನ್ನಿಸಿಲ್ವಾ?"

ನಾನು ಎದುರುತ್ತರ ಕೊಡಬೇಕೆಂದು ಕೇಳಿದ್ದಲ್ಲ. ನಿಜವಾಗಿ ಕೇಳಿದ್ದೆ. ನಮ್ಮತ್ತೆ ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಬುಟ್ಟಿ ನೋಡಿದರು.

"ಅನ್ನಿಸಿದ್ರೆ?" ಎಂದರು ಸಣ್ಣ ದನಿಯಲ್ಲಿ. "ಸುಮ್ನೆ ಬಾ ಅಂತ ನನ್ನನ್ನ ಯಾರು ಕರೆದ್ರು?"

ಮಗನ ಬಾಯಿಂದ ಪೇಸ್ಟಿನ ನೊರೆ ಇಳಿಯುತ್ತಿತ್ತು. ಈ ಗಾಡಿ ಬಂದು ಇಷ್ಟು ವರ್ಷವಾಯಿತು, ಅವರು ಹತ್ತಿದ್ದು ಎರಡೇ ಸಲ, ಎರಡೂ ಸಲ ಆಸ್ಪತ್ರೆಗೆ. ಸೊಸೆ ನನ್ನ ಕೈ ನೋಡಿದ್ದಳು, ನಾನು ನನ್ನ ಸೀಟು ನೋಡಿದ್ದೆ. ಬಾಗಿಲ ಪಕ್ಕದ ಆ ಕುರ್ಚಿಯನ್ನು ನಾವು ಯಾರೂ ನೋಡಿರಲಿಲ್ಲ.

ನಾನು ನಡುವಿನ ಸೀಟಿಗೆ ಸರಿದು ಕಿಟಕಿ ಪಕ್ಕದ ಜಾಗ ತಟ್ಟಿದೆ. "ಬನ್ನಿ ಅತ್ತೆ."

"ಈ ಬಟಾಣಿ?"

"ನಾನು ಬಿಡಿಸ್ತೀನಿ ಅಜ್ಜಿ," ಎಂದು ಮಗ ಬುಟ್ಟಿ ಕಿತ್ತುಕೊಂಡ.

"ಸಿಪ್ಪೆ ಸಮೇತ ಬೇಯಿಸ್ಬೇಡ," ಎಂದು ಗದರಿಕೊಂಡೇ ಅವರು ಮೆಟ್ಟಿಲಿಳಿದರು. ಉದ್ದಣ್ಣ ಹಾರಿ ಬಂದು, ಗಾಜಿನ ಬೀರು ಎತ್ತುವ ಹಾಗೆ ಜೋಪಾನವಾಗಿ ಅವರನ್ನು ಎತ್ತಿ ಸೀಟಿನಲ್ಲಿಟ್ಟ. ಯಜಮಾನರು ಬಂದು ಸ್ಟೀರಿಂಗ್ ಹಿಡಿದರು. ಅವರ ಕಿವಿ ಕೆಂಪಾಗಿತ್ತು. ಬೀದಿ ದಾಟುವಷ್ಟರಲ್ಲಿ ಮಾತು ಶುರು ಮಾಡಿದರು. ಆ ಮೇಷ್ಟ್ರ ಮನೆಯಲ್ಲಿ ಹದಿನೇಳು ಗಡಿಯಾರ ಇದ್ದವಂತೆ, ಒಂದೂ ಸರಿಯಾದ ಹೊತ್ತು ತೋರಿಸುತ್ತಿರಲಿಲ್ಲವಂತೆ. ಇದನ್ನು ಎರಡು ವಾರ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಹಾನುಭಾವ!

ಅವತ್ತು ಒಂದು ದರ್ಜಿಯ ಮನೆ ಖಾಲಿ ಮಾಡಿದೆವು. ಮಾಡಿದೆವು ಎಂದರೆ ಗಂಡಸರು ಮಾಡಿದರು. ನಾನೂ ನಮ್ಮತ್ತೆಯೂ ಗಾಡಿಯೊಳಗೇ ಕೂತು ಒಂದೊಂದು ಸಾಮಾನು ಹೊರಗೆ ಬಂದಾಗಲೂ ನೋಡಿದೆವು. "ಆ ಮೇಜು ನೋಡೇ, ಒಂದು ಕಾಲು ಗಿಡ್ಡ." "ಇಷ್ಟು ದಿಂಬು ಯಾತಕ್ಕೆ ಒಂದು ಸಂಸಾರಕ್ಕೆ?" "ಆ 'ಬೇಡ, ಬೇಡ' ಅನ್ನೋಳು ಸೊಸೆ ಇರ್ಬೇಕು." ನಮ್ಮತ್ತೆ ಇಷ್ಟು ನಗುವುದನ್ನು ನಾನು ನೋಡಿದ್ದು ಅವತ್ತೇ. ಮೊದಮೊದಲು ಅವರ ಕೈಗಳು ತೊಡೆಯ ಮೇಲೆ ಏನನ್ನೋ ಬಿಡಿಸುತ್ತಲೇ ಇದ್ದವು, ಸೆರಗಿನ ನೂಲೋ, ಇಲ್ಲದ ಸಿಪ್ಪೆಯೋ. ಮಧ್ಯಾಹ್ನದ ಹೊತ್ತಿಗೆ ಸುಮ್ಮನಾದವು.

ಸಂಜೆ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆವು. ಹಿಂದಿನಿಂದ ಉದ್ದಣ್ಣನ ಗೊರಕೆ ಕೇಳುತ್ತಿತ್ತು. ನಮ್ಮತ್ತೆ ಕಿಟಕಿಗೆ ಗಲ್ಲ ಊರಿ, ಗಾಳಿಗೆ ಹಾರುವ ಬಿಳಿ ಕೂದಲನ್ನು ಹಿಂದಕ್ಕೆ ತಳ್ಳುವ ಗೋಜಿಗೂ ಹೋಗದೆ ಕೂತಿದ್ದರು. ನಿದ್ದೆ ಬಂದಿದೆಯೆಂದು ನಾನು ತಿಳಿದಿದ್ದೆ.

"ಮನೆ ಇನ್ನೆಷ್ಟು ದೂರ?" ಎಂದರು.

"ಬಂದೇ ಬಿಡ್ತು ಅಮ್ಮ," ಎಂದರು ಯಜಮಾನರು. "ಇದೇ ತಿರುವು. ಸುಸ್ತಾಯ್ತಾ?"

"ಸುತ್ತಿ ಹೋಗು."

ಯಜಮಾನರು ಎಡಕ್ಕೆ ಹಾಕಿದ್ದ ದೀಪ ಆರಿಸಿದರು. ಗಾಡಿ ನೇರ ಹೋಯಿತು.